ನಿಮಗಿದು ಗೊತ್ತೇ? ಉಗ್ರನೆಂದು ಹಿಡಿದವನಿಗೂ ಹಕ್ಕುಗಳಿವೆ

ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಒಬ್ಬನನ್ನು ಭಯೋತ್ಪಾದನೆಯ ಆರೋಪದ ಮೇಲೆ ಹಿಡಿದರು ಎಂದುಕೊಳ್ಳಿ. ಹಿಡಿದವರು ಬೆಂಗಳೂರಿನವರಿರಲಿ, ದಿಲ್ಲಿಯವರಿರಲಿ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನನ್ನು ‘ಅತಿ ಹತ್ತಿರದ’ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ ಹೇಳುವುದು ಹಾಗೆ. ಮೊಳಕಾಲ್ಮೂರಿನಲ್ಲಿ ಸಿಕ್ಕವನಿಗೆ ಹತ್ತಿರದ್ದು ಮೊಳಕಾಲ್ಮೂರಿನ ಕೋರ್ಟೇ. ಬದುವಿನ ತಕರಾರು, ಚೆಕ್ ಬೌನ್ಸ್, ಕುಡಿದು ಬಡಿದಾಡಿದ ಕೇಸು ನಡೆಯುವ ಅದೇ ಹಾಲ್‌ನಲ್ಲಿ ದೇಶದ ಅತಿ ಕಠಿಣ ಕಾಯ್ದೆಯ ಆರೋಪಿಯೂ ಮೊದಲ ಸಲ ನ್ಯಾಯಾಧೀಶರ ಮುಖ ನೋಡಬಹುದು.

ಯಾಕೆ ಹಿಡಿದಿರಿ ಎಂದು ಕೇಳುವುದು ಉದ್ಧಟತನವಲ್ಲ, ಅದೂ ಹಕ್ಕು. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣದಲ್ಲೂ ಬಂಧನದ ಕಾರಣವನ್ನು ಬರೆದೇ ಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2024ರ ಮೇ 15ರಂದು ಹೇಳಿತು.

ಬರೆದುಕೊಟ್ಟರೆ ಆಯಿತೇ? ಯಾವ ಭಾಷೆಯಲ್ಲಿ? 1962ರಷ್ಟು ಹಿಂದೆಯೇ ಹರಿಕಿಸನ್ ಎಂಬವರ ಪ್ರಕರಣದಲ್ಲಿ ಈ ಪ್ರಶ್ನೆ ಬಂದಿತ್ತು. ಮುನ್ನೆಚ್ಚರಿಕೆ ಬಂಧನದಲ್ಲಿದ್ದ ಅವರಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದರೆ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಬಂಧನವನ್ನೇ ರದ್ದು ಮಾಡಿತು. ಮೊಳಕಾಲ್ಮೂರು, ಚಳ್ಳಕೆರೆಯಂಥ ನಮ್ಮ ತಾಲ್ಲೂಕುಗಳಿಗೆ ಇದು ದೂರದ ಸಂಗತಿಯಲ್ಲ. ರಾಯದುರ್ಗ, ಕಲ್ಯಾಣದುರ್ಗದ ಗಡಿಗೆ ತಾಗಿದ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಸಂತೆಮಾತು ಕನ್ನಡ. ಹೆಬ್ಬೆಟ್ಟು ಒತ್ತುವ ಮೊದಲು ಆ ಹಾಳೆಯಲ್ಲಿ ಏನಿದೆಯೆಂದು ತಿಳಿಯದಿದ್ದರೆ ವಕೀಲರಿಗೆ ಹೇಳುವುದಾದರೂ ಏನನ್ನು?

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಮಾನ್ಯವಾಗಿ ಸಾಕ್ಷ್ಯವಾಗುವುದಿಲ್ಲ. ಭಯೋತ್ಪಾದನೆ ತಡೆಯ ಹಳೆಯ ಕಾಯ್ದೆ ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಗೆ ಬೆಲೆಯಿತ್ತು, ಅದರ ನಂತರ ಬಂದ ಪೋಟಾದಲ್ಲೂ ಇತ್ತು. ಎರಡೂ ಹೋದವು. ಯುಎಪಿಎಯಲ್ಲಿ ಅಂಥ ಅವಕಾಶವಿಲ್ಲ. ಆದರೆ ನಮ್ಮ ರಾಜ್ಯದ್ದೇ ಆದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಪೊಲೀಸರ ಬಾಯಲ್ಲಿ ‘ಕೋಕಾ’, ಅದನ್ನು ಇನ್ನೂ ಉಳಿಸಿಕೊಂಡಿದೆ.

ಮಂಪರು ಪರೀಕ್ಷೆಗೆ ಒಂದು ಕಾಲದಲ್ಲಿ ಬೆಂಗಳೂರಿನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು. ಬೇರೆ ರಾಜ್ಯಗಳಿಂದ ಆರೋಪಿಗಳನ್ನು ಇಲ್ಲಿಗೆ ಕರೆತಂದು ಸೂಜಿ ಚುಚ್ಚಿ ಮಾತಾಡಿಸುತ್ತಿದ್ದರು. 2010ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದಕ್ಕೆ ತಡೆಬಿತ್ತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಯಾವುದನ್ನೂ ಮಾಡುವಂತಿಲ್ಲ. ಆ ತೀರ್ಪಿನ ಹೆಸರಲ್ಲೇ ನಮ್ಮ ನಾಡಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

‘ಅಂಥವರಿಗೂ ವಕೀಲರು ಬೇಕೇ?’ ಚಹಾ ಅಂಗಡಿಯ ಕಟ್ಟೆಯ ಮೇಲೆ ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರು ಕೆಟ್ಟವರಲ್ಲ, ಸತ್ತವರ ಸಂಕಟ ಅವರಿಂದ ಹಾಗೆ ಕೇಳಿಸುತ್ತದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘವೇ ನಿರ್ಣಯ ಮಾಡಿತ್ತು. ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಹಿಂದೆ ಸರಿಯಿತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತೂ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು.

ಮುಂಬೈಯಲ್ಲಿ ಗುಂಡು ಹಾರಿಸುತ್ತಿದ್ದುದನ್ನು ಕ್ಯಾಮೆರಾ ಹಿಡಿದಿದ್ದ ಕಸಬ್‌ಗೂ ವಕೀಲರನ್ನು ಕೊಟ್ಟೆವು. ಸುಪ್ರೀಂ ಕೋರ್ಟಿನಲ್ಲಿ ಹಿರಿಯ ವಕೀಲ ರಾಜು ರಾಮಚಂದ್ರನ್ ನ್ಯಾಯಾಲಯದ ನೆರವಿಗೆ ನಿಂತು ವಾದಿಸಿದರು. ಅದೇ ವಿಚಾರಣೆಯಲ್ಲಿ ನಕ್ಷೆ ಬರೆದುಕೊಟ್ಟರೆಂಬ ಆರೋಪ ಹೊತ್ತ ಇಬ್ಬರು ಭಾರತೀಯರೂ ಇದ್ದರು. ಸತ್ತ ಉಗ್ರನೊಬ್ಬನ ಜೇಬಿನಲ್ಲಿ ಆ ನಕ್ಷೆ ಸಿಕ್ಕಿತೆಂದು ಪೊಲೀಸರ ಹೇಳಿಕೆ. ಅವನ ಬಟ್ಟೆ ರಕ್ತದಲ್ಲಿ ತೊಯ್ದಿತ್ತು, ನಕ್ಷೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಇಬ್ಬರೂ ಮೂರೂ ಹಂತದ ನ್ಯಾಯಾಲಯಗಳಲ್ಲಿ ಖುಲಾಸೆಯಾದರು. ವಿಚಾರಣೆಯೇ ಬೇಡ, ಎಲ್ಲರನ್ನೂ ನೇಣಿಗೆ ಹಾಕಿ ಎಂದು ಕೂಗಿದವರ ಮಾತು ನಡೆದಿದ್ದರೆ ಆ ಕಾಗದವನ್ನು ಯಾರೂ ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ.

ಬಂಧಿತನನ್ನು ಮೊದಲ ಸಲ ಮುಂದೆ ತಂದಾಗಲೇ ‘ನಿನಗೆ ವಕೀಲರನ್ನು ಪಡೆಯುವ ಹಕ್ಕಿದೆ, ಶಕ್ತಿಯಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಕೊಡುತ್ತೇವೆ’ ಎಂದು ಮ್ಯಾಜಿಸ್ಟ್ರೇಟರೇ ತಿಳಿಸಬೇಕೆಂಬ ಕಟ್ಟಪ್ಪಣೆ ಬಂದದ್ದು 2012ರ ಆ ಕಸಬ್ ತೀರ್ಪಿನಲ್ಲೇ. ಇಂದು ಚಳ್ಳಕೆರೆಯ ಕೋಳಿಕಳ್ಳನಿಗೂ ಅದು ಅನ್ವಯಿಸುತ್ತದೆ.

ಈ ಕಾಳಜಿ ಇಂದಿನದಲ್ಲ, ಈಗ ಕಲ್ಲಿನ ಕಡೆ ಬನ್ನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಕಂಡಾಗ ಬ್ರಹ್ಮಗಿರಿಯ ಬಂಡೆಗೆ ಊರವರು ‘ಅಕ್ಷರಗುಂಡು’ ಎನ್ನುತ್ತಿದ್ದರು. ಓದಲು ಬಾರದಿದ್ದರೂ ಅಲ್ಲಿ ಅಕ್ಷರವಿದೆ ಎಂಬುದು ಅವರಿಗೆ ತಿಳಿದಿತ್ತು. ಸಂಜೆಯ ಓರೆ ಬಿಸಿಲಿಗೆ ಬ್ರಾಹ್ಮಿಯ ಗೀರುಗಳು ನೆರಳು ಕಟ್ಟಿ ಎದ್ದು ಕಾಣುತ್ತವೆ. ಕೊನೆಯಲ್ಲಿ ಲಿಪಿಕಾರ ಚಪಡ ತಾನು ಲಿಪಿಕಾರನೆಂಬುದನ್ನು ದೂರದ ವಾಯವ್ಯದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬುದು ಅದರ ತಿರುಳು.

ಸೆರೆಮನೆಯ ಮಾತು ಅಲ್ಲಿಲ್ಲ. ಆದರೆ ಅದೇ ಅರಸ ಕಳಿಂಗದ ನಗರ ನ್ಯಾಯಾಧಿಕಾರಿಗಳಿಗೆ ಬರೆಸಿದ ಶಾಸನದಲ್ಲಿದೆ. ಯಾರೂ ‘ಅಕಸ್ಮಾತ್’ ಸೆರೆಗೋ ಚಿತ್ರಹಿಂಸೆಗೋ ಒಳಗಾಗದಂತೆ ನೋಡಿಕೊಳ್ಳಿ ಎಂದು ಅವನು ಎಚ್ಚರಿಸುತ್ತಾನೆ. ನಾವು ದಿನಾ ಆಡುವ ಆ ಪದವೇ ಅಲ್ಲಿದೆ, ‘ಕಾರಣವಿಲ್ಲದೆ’ ಎಂಬ ಅರ್ಥದಲ್ಲಿ. ನ್ಯಾಯ ಕೆಡುವುದು ಯಾವುದರಿಂದ ಎಂದೂ ಎಣಿಸಿದ್ದಾನೆ: ಅಸೂಯೆ, ಸಿಡುಕು, ನಿಷ್ಠುರತೆ, ಆತುರ, ಆಲಸ್ಯ, ದಣಿವು. ಆತುರ ಮತ್ತು ದಣಿವು ಎಂಬ ಎರಡು ಪದಗಳನ್ನು ಓದಿದಾಗೆಲ್ಲ ನನ್ನ ಕಣ್ಣಮುಂದೆ ಬರುವುದು ಬಾಂಬ್ ಸ್ಫೋಟದ ಮರುದಿನದ ಪೊಲೀಸ್ ಠಾಣೆ. ಸ್ತಂಭ ಶಾಸನವೊಂದರಲ್ಲಿ ಮರಣದಂಡನೆಗೆ ಗುರಿಯಾದವರಿಗೂ ಮೂರು ದಿನದ ಗಡುವು ಕೊಟ್ಟಿದ್ದಾನೆ. ಬಂಧುಗಳು ಅವರ ಪರ ಮೊರೆಯಿಡಬಹುದು ಎಂದು.

ಕಳಿಂಗಕ್ಕೆಂದು ಬರೆಸಿದ ಆ ಆಜ್ಞೆಯ ಪ್ರತಿ, ಮುರಿದ ಕಲ್ಲಿನಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ.

ಅದೇ ಕಲಬುರಗಿಯಿಂದ 1994ರ ಜನವರಿಯಲ್ಲಿ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಪೊಲೀಸರು ಕರೆದೊಯ್ದರು. ರೈಲು ಸ್ಫೋಟಗಳ ಕೇಸು, ಟಾಡಾ, ಜೀವಾವಧಿ ಶಿಕ್ಷೆ. ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿದ್ದು 2016ರ ಮೇ ತಿಂಗಳಲ್ಲಿ. ಇಪ್ಪತ್ತರ ಹುಡುಗ ನಲವತ್ತು ದಾಟಿ ಜೈಪುರದ ಜೈಲಿನಿಂದ ಹೊರಬಂದರು.

ಹುಬ್ಬಳ್ಳಿಯ ‘ಉಗ್ರ ಸಂಚು’ ಪ್ರಕರಣ: 2008ರಲ್ಲಿ ಬಂಧನ, 17 ಆರೋಪಿಗಳು, 2015ರಲ್ಲಿ ಎಲ್ಲರೂ ಖುಲಾಸೆ.

ಬೆಳ್ತಂಗಡಿ ತಾಲ್ಲೂಕು ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಹಿಡಿದರು. ಮಹಜರಿನಲ್ಲಿ ಸಿಕ್ಕದ್ದು ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಕೊಡುವವರೆಗೆ ಚುನಾವಣೆ ಬೇಡ ಎಂಬ ಪತ್ರ. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಮಂಗಳೂರಿನ ನ್ಯಾಯಾಲಯ ಹೇಳಿ ಇಬ್ಬರನ್ನೂ ಬಿಟ್ಟದ್ದು 2021ರ ಅಕ್ಟೋಬರ್‌ನಲ್ಲಿ.

ಸಾಮಾನ್ಯ ಗಂಭೀರ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಯುಎಪಿಎಯಲ್ಲಿ ನ್ಯಾಯಾಲಯ ಒಪ್ಪಿದರೆ ಅದು 180 ದಿನ. ಆರೋಪ ‘ಮೇಲ್ನೋಟಕ್ಕೆ ನಿಜ’ ಎನಿಸಿದರೆ ಜಾಮೀನೇ ಇಲ್ಲ, ನಿರೀಕ್ಷಣಾ ಜಾಮೀನಂತೂ ಇಲ್ಲವೇ ಇಲ್ಲ. ಹಾಗಾಗಿ ವಿಚಾರಣೆ ಎಳೆದಷ್ಟೂ ಅದೇ ಶಿಕ್ಷೆಯಾಗುತ್ತದೆ. ಇದಕ್ಕೊಂದು ಕಿಂಡಿ ತೆರೆದದ್ದು 2021ರ ಫೆಬ್ರುವರಿ 1ರ ನಜೀಬ್ ತೀರ್ಪು: ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದಿದ್ದರೆ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳು ಯುಎಪಿಎ ಆರೋಪಿಗೂ ಜಾಮೀನು ಕೊಡಬಹುದು.

ಈ ಮಾತು ನಮ್ಮ ಮನಸ್ಸಿಗೆ ಒಪ್ಪುವವರಿಗೆ ಮಾತ್ರವಲ್ಲ. ಗೌರಿ ಲಂಕೇಶ್ ಹತ್ಯೆಯ ಆರೋಪಿಯೊಬ್ಬನಿಗೆ, ಕೋಕಾ ಇದ್ದರೂ, ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ ಜಾಮೀನು ಕೊಟ್ಟಿತು. ಐದು ವರ್ಷ ದಾಟಿದರೂ 527 ಸಾಕ್ಷಿಗಳಲ್ಲಿ 90 ಮಂದಿಯ ಹೇಳಿಕೆಯಷ್ಟೇ ಆಗಿತ್ತು. ಗೌರಿಯವರ ಬರಹ ಓದಿ ಬೆಳೆದ ನನಗೆ ಆ ದಿನ ಕಷ್ಟವಾಯಿತು. ಆದರೂ ಆದೇಶ ಸರಿ. ತಪ್ಪು ಇದ್ದದ್ದು ವಿಚಾರಣೆಯ ನಡಿಗೆಯಲ್ಲಿ.

ನಮ್ಮ ಪಕ್ಕದ ಪಾವಗಡದ ವೆಂಕಟಮ್ಮನಹಳ್ಳಿ ನೆನಪಿದೆಯೇ? 2005ರ ಫೆಬ್ರುವರಿಯ ಒಂದು ರಾತ್ರಿ, ಶಾಲೆಯ ಕಟ್ಟಡದಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ನಕ್ಸಲರು ಬಿದ್ದರು. ಕೆಲವೇ ದಿನ ಮೊದಲು ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್‌ನಲ್ಲಿ ಸತ್ತಿದ್ದರು. ಈ ಕೇಸಿನ ಆರೋಪಿ ಕವಿ ವರವರ ರಾವ್ ಅವರನ್ನು ಪಾವಗಡದ ಕೋರ್ಟಿಗೆ ಕರೆತಂದದ್ದು 2019ರ ಜುಲೈಯಲ್ಲಿ, 14 ವರ್ಷದ ನಂತರ. ಅಂದು ಸತ್ತ ಪೊಲೀಸರ ಹೆಂಡತಿ ಮಕ್ಕಳಿಗೂ ಒಂದು ಹಕ್ಕಿದೆ: ಕೊಂದವರು ಯಾರೆಂದು ಸಾಕ್ಷ್ಯದ ಸಮೇತ, ಬದುಕಿರುವಾಗಲೇ ತಿಳಿಯುವ ಹಕ್ಕು.

ಅದನ್ನು ನಾಡಿಗೆ ಕಲಿಸಿದವರು ಅಬ್ದುಲ್ ಕರೀಂ. 1992ರಲ್ಲಿ ವೀರಪ್ಪನ್ ಕೈಯಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. 2000ದಲ್ಲಿ ಡಾ. ರಾಜಕುಮಾರ್ ವೀರಪ್ಪನ್ ಒತ್ತೆಯಾಳಾಗಿ ಕಾಡಿನಲ್ಲಿದ್ದಾಗ, ಅವನ ಬೇಡಿಕೆಯಂತೆ ಮೈಸೂರಿನಲ್ಲಿದ್ದ 51 ಟಾಡಾ ಬಂದಿಗಳ ಮೇಲಿನ ಆರೋಪ ಹಿಂತೆಗೆಯಲು ಸರ್ಕಾರ ಹೊರಟಿತ್ತು. ಇಡೀ ನಾಡು ಅಣ್ಣಾವ್ರಿಗಾಗಿ ಹರಕೆ ಹೊರುತ್ತಿದ್ದ ಹೊತ್ತು. ಆ ತಂದೆ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು, ನವೆಂಬರ್ 7ರಂದು ಗೆದ್ದರು. ಎಂಟು ದಿನಕ್ಕೆ ರಾಜಕುಮಾರ್ ಕ್ಷೇಮವಾಗಿ ಮರಳಿದರು.

ಇನ್ನರ್ಧ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1993ರ ಏಪ್ರಿಲ್ 9ರಂದು 22 ಮಂದಿಯನ್ನು ಕೊಂದ ಪಾಲಾರ್ ನೆಲಬಾಂಬ್ ಸೇರಿದಂತೆ ಟಾಡಾ ಕೇಸುಗಳ ವಿಚಾರಣೆ ಮೈಸೂರಿನಲ್ಲಿ ಮುಂದುವರಿಯಿತು. 2001ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂದಾಗ 14 ಮಂದಿಗೆ ಶಿಕ್ಷೆಯಾಯಿತು, 109 ಮಂದಿ ಖುಲಾಸೆಯಾದರು. ಬೆದರಿಕೆಗೆ ಬಾಗಿ ಬಿಟ್ಟಿದ್ದರೆ ಅವರ ಮೇಲೆ ‘ವೀರಪ್ಪನ್ ಕಡೆಯವರು’ ಎಂಬ ಹಣೆಪಟ್ಟಿ ಸಾಯುವತನಕ ಉಳಿಯುತ್ತಿತ್ತು. ವೀರಪ್ಪನ್ ಬೇಟೆಗೆ ಇಳಿದಿದ್ದ ಕಾರ್ಯಪಡೆಯ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ತುರ್ತು ಪರಿಸ್ಥಿತಿಯ ಕಾಲದ ಡೈನಮೈಟ್ ಸಂಚಿನ ಆರೋಪಿಯೊಬ್ಬರು ಮುಂದೆ ದೇಶದ ರಕ್ಷಣಾ ಸಚಿವರಾದರು: ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1977ರ ಚುನಾವಣೆಯನ್ನು ಜೈಲಿನಿಂದಲೇ ಗೆದ್ದರು. ಅದಕ್ಕೂ ಮೊದಲು, ಅವರು ತಲೆಮರೆಸಿಕೊಂಡಿದ್ದಾಗ, ಎಲ್ಲಿದ್ದಾರೆಂದು ಹೇಳಿಸಲು ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಂಸಿಸಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಹೊತ್ತಿನಲ್ಲಿ ಬೆಂಗಳೂರು ಜೈಲು ಸೇರಿ, ಆಸ್ತಮಾದಲ್ಲಿ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಾರ್ಜ್ ಮಂತ್ರಿಯಾಗಿದ್ದ ಸರ್ಕಾರವೇ 2002ರಲ್ಲಿ ಪೋಟಾ ತಂದಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ತುರ್ತು ಪರಿಸ್ಥಿತಿಯಲ್ಲಿ ಬಂದಿಗೆ ಕೋರ್ಟಿನ ಬಾಗಿಲು ಬಡಿಯುವ ಹಕ್ಕೂ ಇಲ್ಲ ಎಂದಿದ್ದ 1976ರ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಳ್ಳಿಹಾಕಿದ್ದು 2017ರಲ್ಲಿ. 2017ರ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಗ್ವಾಂಟಾನಮೋ ಬಂದಿಗಳಿಗೂ ಆ ಬಾಗಿಲು ಬಡಿಯುವ ಸಾಂವಿಧಾನಿಕ ಹಕ್ಕಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಲು 2008ರವರೆಗೆ ಬೇಕಾಯಿತು. ಸೆರೆಮನೆ ತೆರೆದದ್ದು 2002ರ ಜನವರಿಯಲ್ಲಿ.

ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಲಿಲ್ಲ. ನಿರಪರಾಧಿಯಾಗಿ ವರ್ಷಗಟ್ಟಲೆ ಕಳೆದವರಿಗೆ ಪರಿಹಾರದ ಕಾನೂನು ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಹೇಳಿತು.

ಕೊನೆಯದಾಗಿ, ಮನೆಯ ಗೋಡೆಗೆ ಬರೆದಿಡಬೇಕಾದದ್ದು. ಬಂಧನದಲ್ಲಿರುವವನ ಆದಾಯ ಎಷ್ಟೆಂದು ಯಾರೂ ಕೇಳುವಂತಿಲ್ಲ, ಉಚಿತ ವಕೀಲರು ಎಲ್ಲ ಬಂದಿಗಳಿಗೂ ಸಿಗುತ್ತಾರೆ. ಕಾನೂನು ಸೇವೆಯ ಸಹಾಯವಾಣಿ 15100. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಚಳ್ಳಕೆರೆಯವರು ಚಳ್ಳಕೆರೆ ಕೋರ್ಟಿನಲ್ಲಿ, ಮೊಳಕಾಲ್ಮೂರಿನವರು ಮೊಳಕಾಲ್ಮೂರು ಕೋರ್ಟಿನಲ್ಲಿ ವಿಚಾರಿಸಿ. ಮನೆಯವರನ್ನು ಯಾರಾದರೂ ಕರೆದೊಯ್ದರೆ ಗಂಟೆ ನೋಡಿ ಬರೆದಿಟ್ಟುಕೊಳ್ಳಿ. 24 ಗಂಟೆಯ ಲೆಕ್ಕ ಅಲ್ಲಿಂದ ಶುರು.