ಕಾರಿನ ಕಾವಲಿಗೆ ಕ್ಯಾಮೆರಾದ ಕಣ್ಣು: ಭರವಸೆ ಎಷ್ಟು, ಭ್ರಮೆ ಎಷ್ಟು?

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ಮೋಟಾರು ಕಾರು ಇಂದು ಭೋಗವಸ್ತುವಾಗಿ ಉಳಿದಿಲ್ಲ. ಹಬ್ಬಕ್ಕೆ, ಮದುವೆಗೆ, ಬೇಸಿಗೆಯ ರಜೆಗೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಬೆಳಗಾವಿಗೋ ಧಾರವಾಡಕ್ಕೋ ಹೋಗಿಬರುವ ಕುಟುಂಬಕ್ಕೆ ಅದು ಚಲಿಸುವ ಮನೆಯೇ ಸರಿ. ಬಟ್ಟೆಬರೆ, ಒಡವೆ, ಮಕ್ಕಳ ಪ್ರಮಾಣಪತ್ರ, ಕಚೇರಿಯ ಲ್ಯಾಪ್‌ಟಾಪ್, ಹಿರಿಯರ ಔಷಧ ಎಲ್ಲವೂ ಅದರೊಳಗೆ ಇರುತ್ತವೆ. ಆದರೆ ಈ ಮನೆಗೆ ಗೋಡೆಯೆಂದರೆ ಕೆಲವೇ ಮಿಲಿಮೀಟರು ದಪ್ಪದ ಗಾಜು. ಆ ಗಾಜನ್ನು ಒಡೆದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಪರಾರಿಯಾಗುವ ಕಳ್ಳರ ಹಾವಳಿ ಎಲ್ಲ ಮಹಾನಗರಗಳಲ್ಲಿಯೂ ಇದೆ. ಪುಣೆಯೂ ಇದಕ್ಕೆ ಹೊರತಲ್ಲ.

ಇದಕ್ಕೆ ಪರಿಹಾರವೆಂದು ಮಾರುಕಟ್ಟೆ ಮುಂದಿಡುತ್ತಿರುವುದು ಕ್ಯಾಮೆರಾವನ್ನು. ಗಾಜಿಗೆ ಅಂಟಿಸುವ ಪುಟ್ಟ ಡ್ಯಾಶ್‌ಕ್ಯಾಮ್‌ನಿಂದ ಹಿಡಿದು ಕಾರಿನ ನಾಲ್ಕೂ ದಿಕ್ಕನ್ನು ಕಾಯುವ ವ್ಯವಸ್ಥೆಯವರೆಗೆ ಅದರ ರೂಪಗಳು ಹಲವು. ಸಾವಿರಾರು ರೂಪಾಯಿ ತೆತ್ತು ಇವನ್ನು ಕೊಳ್ಳುವ ಮುನ್ನ, ಕ್ಯಾಮೆರಾ ಕಳ್ಳನನ್ನು ತಡೆಯುತ್ತದೆಯೋ ಅಥವಾ ಕಳವಾದ ಮೇಲೆ ಅದರ ಕಥೆಯನ್ನಷ್ಟೇ ಹೇಳುತ್ತದೆಯೋ ಎಂಬುದನ್ನು ವಿವೇಚಿಸುವುದು ಒಳಿತು.

ಎರಡು ಬಗೆಯ ಕಳವು

ಕಾರನ್ನೇ ಕದಿಯುವುದು ಬೇರೆ, ಕಾರಿನೊಳಗಿಂದ ಕದಿಯುವುದು ಬೇರೆ. ಮೊದಲನೆಯದಕ್ಕೆ ವಿಜ್ಞಾನವು ಬಹುಮಟ್ಟಿಗೆ ಮದ್ದು ಕಂಡುಹಿಡಿದಿದೆ. ಸರಿಯಾದ ಕೀಲಿಯ ಸಂಕೇತ ದೊರೆಯದೆ ಎಂಜಿನ್ ಚಾಲೂ ಆಗದಂತೆ ತಡೆಯುವ ‘ಇಮ್ಮೊಬಿಲೈಸರ್’ ಸಾಧನವನ್ನು ಐರೋಪ್ಯ ಒಕ್ಕೂಟವು 1998ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಿತು. ನೆದರ್‌ಲ್ಯಾಂಡ್ಸ್ ದೇಶದ 1995ರಿಂದ 2008ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ವಾನ್ ಔರ್ಸ್ ಮತ್ತು ವೊಲಾರ್ಡ್ ಅವರು, ಈ ಸಾಧನದಿಂದ ಕಾರುಗಳ ಕಳವು ಶೇಕಡಾ 40ರಷ್ಟು ಇಳಿಯಿತೆಂದು ತೀರ್ಮಾನಿಸಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆ ಸಾಧನ ಕಳ್ಳನನ್ನು ನೋಡುವುದಿಲ್ಲ, ಹೆದರಿಸುವುದೂ ಇಲ್ಲ; ಅವನ ಕೆಲಸವನ್ನೇ ಅಸಾಧ್ಯಗೊಳಿಸುತ್ತದೆ.

ಒಳಗಿನ ವಸ್ತುಗಳ ಕಳವಿಗೆ ಇಂಥ ಮದ್ದಿಲ್ಲ. ಅಪಘಾತದ ವೇಳೆ ಪ್ರಯಾಣಿಕರಿಗೆ ಗಾಯವಾಗದಿರಲೆಂದು ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹದಗೊಳಿಸಿದ ಗಾಜನ್ನು ಬಳಸುತ್ತಾರೆ. ಒಂದು ಬಿಂದುವಿನಲ್ಲಿ ಬಲವಾದ ಪೆಟ್ಟು ಬಿದ್ದೊಡನೆ ಅದು ಸಣ್ಣ ಕಾಳುಗಳಾಗಿ ಉದುರಿಹೋಗುತ್ತದೆ. ಜೀವರಕ್ಷಣೆಗೆಂದು ಕೊಟ್ಟ ಗುಣವೇ ಕಳ್ಳನಿಗೆ ವರವಾಗಿದೆ. ಇದಲ್ಲದೆ, 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಅದರ ಉದ್ದೇಶ ಒಳ್ಳೆಯದೇ. ಆದರೆ ಪಾರದರ್ಶಕ ಗಾಜಿನ ಹಿಂದೆ ಆಸನದ ಮೇಲಿರುವ ಚೀಲವು ದಾರಿಹೋಕರೆಲ್ಲರ ಕಣ್ಣಿಗೂ ಬೀಳುತ್ತದೆ ಎಂಬುದನ್ನು ಕಾರಿನ ಒಡೆಯರು ಮರೆಯಲಾಗದು.

ಕಾರಿಗೆ ಬಂದ ಕಣ್ಣುಗಳು

ಅಮೆರಿಕದ ಟೆಸ್ಲಾ ಸಂಸ್ಥೆಯು 2019ರಲ್ಲಿ ‘ಸೆಂಟ್ರಿ ಮೋಡ್’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ನಿಂತ ಕಾರಿನ ಸಮೀಪ ಯಾರಾದರೂ ಸುಳಿದಾಡಿದರೆ ಕ್ಯಾಮೆರಾಗಳು ಚಿತ್ರೀಕರಿಸುತ್ತವೆ. ಒಳಗಿನ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ನಮ್ಮ ದೇಶದಲ್ಲಿಯೂ 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂತಹ ಸಣ್ಣ ಕಾರಿನ ಕೆಲವು ಮಾದರಿಗಳಲ್ಲಿಯೇ ಡ್ಯಾಶ್‌ಕ್ಯಾಮ್ ಅಳವಡಿಸಲಾಯಿತು. ಪುಣೆಯ ಸಮೀಪದ ಚಾಕಣ್‌ನಲ್ಲಿ ತಯಾರಾಗುವ, 2024ರ ನವೆಂಬರ್‌ನಲ್ಲಿ ಅನಾವರಣಗೊಂಡ ಮಹೀಂದ್ರಾ ವಿದ್ಯುತ್ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಕಾರಿನ ಸುತ್ತಲಿನ ದೃಶ್ಯವನ್ನು ಒಡೆಯನು ದೂರದಿಂದಲೇ ಮೊಬೈಲ್ ಫೋನಿನಲ್ಲಿ ನೋಡುವ ಅನುಕೂಲವಿದೆ.

ಪರಿಶೀಲನೆಗಳ ಸಾಕ್ಷ್ಯ

ಕ್ಯಾಮೆರಾದಿಂದ ಕಳವು ಕಡಿಮೆಯಾದ ನಿದರ್ಶನಗಳು ಇಲ್ಲದಿಲ್ಲ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ಕಾರು ನಿಲ್ದಾಣಗಳಲ್ಲಿ 1985ರಲ್ಲಿ ಕಾರುಗಳಿಂದ ವಸ್ತು ಕದ್ದ 92 ಪ್ರಕರಣಗಳು ನಡೆದಿದ್ದವು. ಕ್ಯಾಮೆರಾ ವ್ಯವಸ್ಥೆ ಬಂದ 1986ರಲ್ಲಿ ಅದು 31ಕ್ಕೆ ಇಳಿಯಿತು. ಸ್ವಾರಸ್ಯದ ಸಂಗತಿಯೆಂದರೆ, ಅಲ್ಲಿನ ಒಂದು ನಿಲ್ದಾಣ ಕ್ಯಾಮೆರಾದ ದೃಷ್ಟಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ಆದರೂ ಅಲ್ಲಿಯೂ ಕಳವು ಇಳಿಯಿತು. ಕಣ್ಣು ಎಲ್ಲಿಯವರೆಗೆ ನೋಡುತ್ತದೆಂದು ಕಳ್ಳನಿಗೆ ಖಚಿತವಾಗಿ ತಿಳಿಯದಿದ್ದುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ನಲವತ್ತು ವರ್ಷಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪಿಝಾ, ವೆಲ್ಷ್, ಫ್ಯಾರಿಂಗ್ಟನ್ ಮೊದಲಾದವರು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕ್ಯಾಮೆರಾ ಇದ್ದೆಡೆ ಒಟ್ಟು ಅಪರಾಧ ಸುಮಾರು ಶೇಕಡಾ 13ರಷ್ಟು ಕಡಿಮೆ. ಕಾರು ನಿಲ್ದಾಣಗಳಲ್ಲಿ ಇಳಿಕೆ ಅದಕ್ಕಿಂತ ಬಹಳ ಹೆಚ್ಚು. ಆದರೆ ಈ ಫಲಕ್ಕೆ ಒಂದು ಷರತ್ತಿದೆ. ಕ್ಯಾಮೆರಾವನ್ನು ಒಬ್ಬ ಮನುಷ್ಯ ನಿರಂತರವಾಗಿ ನೋಡುತ್ತಿದ್ದಲ್ಲಿ, ಅದರೊಡನೆ ಬೆಳಕು, ಕಾವಲುಗಾರ ಮುಂತಾದ ಇತರ ಏರ್ಪಾಡುಗಳೂ ಇದ್ದಲ್ಲಿ ಫಲ ಅಧಿಕ. ಕಾರಿನ ಮೂಲೆಯಲ್ಲಿ ಕುಳಿತ ಒಂಟಿ ಕ್ಯಾಮೆರಾಕ್ಕೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಇನ್ನೊಂದು ಪ್ರಯೋಗವೂ ವಿಚಾರಾರ್ಹ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದಲ್ಲಿ ಸೈಕಲ್ ನಿಲ್ದಾಣಗಳ ಬಳಿ ದಿಟ್ಟಿಸಿ ನೋಡುವ ಕಣ್ಣುಗಳ ಚಿತ್ರ ಮತ್ತು ಎಚ್ಚರಿಕೆಯ ಮಾತುಳ್ಳ ಫಲಕಗಳನ್ನು ತೂಗುಹಾಕಿದರು. ಕ್ಯಾಮೆರಾ ಇಲ್ಲ, ಬರಿಯ ಚಿತ್ರ! 2012ರಲ್ಲಿ ಪ್ರಕಟವಾದ ವರದಿಯಂತೆ, ಫಲಕವಿದ್ದೆಡೆ ಕಳವು ಶೇಕಡಾ 62ರಷ್ಟು ಇಳಿಯಿತು. ಫಲಕವಿಲ್ಲದ ಕಡೆ ಶೇಕಡಾ 65ರಷ್ಟು ಏರಿತು. ಹೊಲದ ಬೆದರುಬೊಂಬೆಯನ್ನು ಕಂಡ ಹಕ್ಕಿ ಹಸಿವನ್ನು ಬಿಡುವುದಿಲ್ಲ, ಪಕ್ಕದ ಹೊಲಕ್ಕೆ ಹಾರುತ್ತದೆ. ಕ್ಯಾಮೆರಾ ಕಂಡು ಹಿಂಜರಿದ ಕಳ್ಳ ನೆರೆಯವರ ಕಾರಿನ ಕಡೆ ಹೋದರೆ ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಯಿತೇ ಹೊರತು, ಸಮಾಜದ ಲೆಕ್ಕಪುಸ್ತಕದಲ್ಲಿ ಉಳಿತಾಯವೇನೂ ಕಾಣದು.

ಮುಖವಿಲ್ಲದ ಕಳ್ಳ

ಗಾಜು ಒಡೆದು ಚೀಲ ಎತ್ತಲು ಬೇಕಾಗುವ ಅವಧಿ ಕೆಲವೇ ಕ್ಷಣಗಳು. ದ್ವಿಚಕ್ರ ವಾಹನಗಳಿಗೆ ಹೆಸರಾದ ಪುಣೆಯಲ್ಲಿ ಶಿರಸ್ತ್ರಾಣ ಧರಿಸಿದ ಅಥವಾ ಬಿಸಿಲು ಧೂಳಿಗಾಗಿ ಮುಖಕ್ಕೆ ವಸ್ತ್ರ ಸುತ್ತಿಕೊಂಡ ವ್ಯಕ್ತಿ ಯಾರ ಸಂಶಯಕ್ಕೂ ಪಾತ್ರನಾಗುವುದಿಲ್ಲ. ಅಂಥವನ ಚಿತ್ರ ಎಷ್ಟೇ ಸ್ಪಷ್ಟವಾಗಿ ಮೂಡಿದರೂ ಅದರಲ್ಲಿ ಮುಖವೇ ಇರುವುದಿಲ್ಲ. ಇನ್ನು ಕೆಲವು ತಂಡಗಳು ಗಮನ ಬೇರೆಡೆಗೆ ಸೆಳೆಯುವುದರಲ್ಲಿ ಪರಿಣತರು. ‘ಎಂಜಿನ್‌ನಿಂದ ಎಣ್ಣೆ ಸೋರುತ್ತಿದೆ’, ‘ನಿಮ್ಮ ನೋಟು ಕೆಳಗೆ ಬಿದ್ದಿದೆ’ ಎಂದು ಒಬ್ಬನು ಹೇಳಿ ಚಾಲಕನನ್ನು ಇಳಿಸಿದರೆ, ಮತ್ತೊಬ್ಬನು ಇನ್ನೊಂದು ಬಾಗಿಲಿನಿಂದ ಚೀಲ ಎಗರಿಸುತ್ತಾನೆ. ಬ್ಯಾಂಕಿನಿಂದ ದೊಡ್ಡ ಮೊತ್ತ ಪಡೆದು ಹೊರಟವರನ್ನು ಹಿಂಬಾಲಿಸುವುದೂ ಇವರ ಪದ್ಧತಿ. ಇಲ್ಲಿ ಕ್ಯಾಮೆರಾ ಮೂಕಪ್ರೇಕ್ಷಕ.

ಸೆಂಟ್ರಿ ಮೋಡ್ ಹುಟ್ಟಿದ ಸೀಮೆಯ ಅನುಭವವನ್ನೇ ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2017ರಲ್ಲಿ ಕಾರು ಒಡೆದು ಕದ್ದ 30,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಕಣ್ಣುಳ್ಳ ಕಾರುಗಳು ಬಂದ ನಂತರವೂ ಹಲವು ವರ್ಷ ಆ ಪಿಡುಗು ನಿಲ್ಲಲಿಲ್ಲ. 2024ರಲ್ಲಿ ಅದು ಹಿಂದಿನ ವರ್ಷದ ಅರ್ಧಕ್ಕೆ ಇಳಿದಾಗ ಅಲ್ಲಿನ ಪೊಲೀಸರು ನೀಡಿದ ಕಾರಣಗಳಲ್ಲಿ, ಕಳ್ಳರನ್ನು ಸೆಳೆಯಲು ನಿಲ್ಲಿಸಿದ ಬಲೆಯ ಕಾರುಗಳೂ ನಂಬರ್ ಫಲಕ ಓದುವ ಯಂತ್ರಗಳೂ ಸೇರಿದ್ದವು. ಕಣ್ಣಿನ ಹಿಂದೆ ಕೈ ಇದ್ದಾಗಲೇ ಕಣ್ಣಿಗೆ ಬೆಲೆ. ಶಿಕ್ಷೆಯ ಕಠೋರತೆಗಿಂತ ಸಿಕ್ಕಿಬೀಳುವುದು ನಿಶ್ಚಿತವೆಂಬ ಭಾವನೆಯೇ ಅಪರಾಧಿಯನ್ನು ತಡೆಯುತ್ತದೆಂದು ಇಟಲಿಯ ಬೆಕ್ಕಾರಿಯಾ 1764ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು.

ಪುಣೆಯಲ್ಲಿ 2010ರ ಫೆಬ್ರವರಿಯಲ್ಲಿ ಜರ್ಮನ್ ಬೇಕರಿಯಲ್ಲಿಯೂ 2012ರ ಆಗಸ್ಟ್‌ನಲ್ಲಿ ಜಂಗಲೀ ಮಹಾರಾಜ ರಸ್ತೆಯಲ್ಲಿಯೂ ನಡೆದ ಸ್ಫೋಟಗಳ ಬಳಿಕ ನಗರದಾದ್ಯಂತ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ಕಾರಿನ ಕ್ಯಾಮೆರಾದಲ್ಲಿ ಮೂಡಿದ ಸಮಯ, ಕಳ್ಳನ ವಾಹನದ ಬಣ್ಣ, ಅದು ಹೋದ ದಿಕ್ಕು ಇವುಗಳಿಂದ ರಸ್ತೆಯ ಕ್ಯಾಮೆರಾಗಳಲ್ಲಿ ಜಾಡು ಹಿಡಿಯಲು ಪೊಲೀಸರಿಗೆ ಅನುಕೂಲವಾಗುತ್ತದೆ. ಈ ದೃಷ್ಟಿಯಿಂದ ಅದು ಉಪಯುಕ್ತ ಸಾಕ್ಷಿ.

ಬ್ಯಾಂಕುಗಳು ಕಲಿಸುವ ಪಾಠ

ಸಾಕ್ಷಿಗೂ ಕಾವಲಿಗೂ ಇರುವ ಅಂತರವನ್ನು ಬ್ಯಾಂಕುಗಳ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳಂತೆ, ಲಾಕರುಗಳಿರುವ ಭದ್ರಕೋಣೆಯ ಪ್ರವೇಶದ್ವಾರದ ಚಿತ್ರಣವನ್ನು 180 ದಿನಗಳಿಗೆ ಕಡಿಮೆಯಿಲ್ಲದೆ ಕಾಪಾಡಬೇಕು. ಹಾಗೆಂದು ಲಾಕರಿನ ಎರಡು ಕೀಲಿಗಳ ಪದ್ಧತಿಯನ್ನಾಗಲಿ, ಉಕ್ಕಿನ ಬಾಗಿಲನ್ನಾಗಲಿ ಯಾವ ಬ್ಯಾಂಕೂ ಕೈಬಿಟ್ಟಿಲ್ಲ. ಶಾಖೆಯಲ್ಲಿ ನಿಗದಿತ ಮಿತಿಗಿಂತ ಹೆಚ್ಚು ನಗದು ಇಡಬಾರದೆಂಬುದು ಕ್ಯಾಮೆರಾಗಳಿಗಿಂತ ಹಳೆಯ ನಿಯಮ. ಕ್ಯಾಮೆರಾ ಲೆಕ್ಕಪರಿಶೋಧಕನಿದ್ದಂತೆ, ನಡೆದುದನ್ನು ತೋರಿಸುತ್ತದೆ. ನಡೆಯದಂತೆ ತಡೆಯುವುದು ಬೀಗ, ಮತ್ತು ಕದಿಯಲು ಏನೂ ಇಲ್ಲದಂತೆ ನೋಡಿಕೊಳ್ಳುವ ಶಿಸ್ತು.

ಬ್ಯಾಂಕಿನ ಚಿತ್ರಣ 180 ದಿನ ಉಳಿದರೆ, ಡ್ಯಾಶ್‌ಕ್ಯಾಮ್‌ನ ಸ್ಮೃತಿಪತ್ರ ತುಂಬಿದೊಡನೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯತೊಡಗುತ್ತದೆ. ಘಟನೆಯ ನಂತರವೂ ಕಾರನ್ನು ಓಡಿಸುತ್ತಲೇ ಇದ್ದರೆ ಇದ್ದ ಒಂದು ಸಾಕ್ಷ್ಯವೂ ಅಳಿಸಿಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂಥ ಚಿತ್ರಣದ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರವೂ ಬೇಕು. ಆದುದರಿಂದ ಸ್ಮೃತಿಪತ್ರವನ್ನು ತೆಗೆದು, ಏನನ್ನೂ ಕತ್ತರಿಸದೆ, ಮೂಲವನ್ನು ಜೋಪಾನವಾಗಿಡುವುದು ಜಾಣತನ.

ವಿಮೆಯ ಲೆಕ್ಕಾಚಾರ

ಕಾರಿಗೆ ಸಮಗ್ರ ವಿಮೆ ಇದ್ದರೆ ಎಲ್ಲವೂ ಸಿಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಒಡೆದ ಗಾಜು ವಿಮೆಗೆ ಒಳಪಡುತ್ತದೆ. ಗಾಜಿನ ಭಾಗಗಳಿಗೆ ಸವಕಳಿಯನ್ನು ಕಳೆಯುವುದಿಲ್ಲ. ಆದರೆ ಒಳಗಿದ್ದ ಲ್ಯಾಪ್‌ಟಾಪ್, ಒಡವೆ, ಬಟ್ಟೆಗಳಿಗೆ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ರಕ್ಷಣೆಯಿಲ್ಲ. ಅದಕ್ಕೆ ಪ್ರತ್ಯೇಕ ಹೆಚ್ಚುವರಿ ರಕ್ಷಣೆ ಪಡೆಯಬೇಕು, ಅದರಲ್ಲಿಯೂ ಮಿತಿಗಳಿರುತ್ತವೆ.

ಗಾಜಿಗಾಗಿ ಹಕ್ಕು ಮಂಡಿಸುವ ಮೊದಲೂ ಲೆಕ್ಕ ಹಾಕುವುದು ಒಳ್ಳೆಯದು. ಉದಾಹರಣೆಗೆ, ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಇದ್ದು, ಶೇಕಡಾ 50ರ ‘ನೋ ಕ್ಲೇಮ್ ಬೋನಸ್’ ದೊರೆಯುತ್ತಿದ್ದರೆ ವರ್ಷಕ್ಕೆ 6,000 ರೂಪಾಯಿ ಉಳಿತಾಯ. 4,000 ರೂಪಾಯಿಯ ಗಾಜಿಗೆ ಕಡ್ಡಾಯ ಕಡಿತ 1,000 ರೂಪಾಯಿ ಕಳೆದು ಕೈಗೆ ಬರುವುದು 3,000 ಮಾತ್ರ. ಈ ಮೂರು ಸಾವಿರಕ್ಕಾಗಿ ಆ ಬೋನಸ್ ಕಳೆದುಕೊಂಡು, ಮತ್ತೆ ಶೇಕಡಾ 20ರಿಂದ ಮೆಟ್ಟಿಲು ಹತ್ತಬೇಕಾಗುತ್ತದೆ. ಇನ್ನೊಂದು ಮಾತು: 2002ರ ಮೋಟಾರು ದರಪಟ್ಟಿಯು ಪುಣೆಯಲ್ಲಿಯೇ ಇರುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯ ಅನುಮೋದನೆ ಪಡೆದ ಕಳವು ನಿರೋಧಕ ಸಾಧನಗಳಿಗೆ ಶೇಕಡಾ 2.5ರ, ಗರಿಷ್ಠ 500 ರೂಪಾಯಿಗಳ ರಿಯಾಯಿತಿ ನೀಡಿತ್ತು. ಕ್ಯಾಮೆರಾ ಕೊಳ್ಳುವವರು ಅದಕ್ಕೂ ರಿಯಾಯಿತಿ ಇದೆಯೆಂದು ಭಾವಿಸದೆ ವಿಮಾ ಕಂಪನಿಯಲ್ಲಿ ವಿಚಾರಿಸತಕ್ಕದ್ದು.

ಆರೋಗ್ಯದ ದೃಷ್ಟಿಯಿಂದ

ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳತಾಪವು ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲೇರಬಲ್ಲದು. ಪುಣೆಯ ಏಪ್ರಿಲ್-ಮೇ ತಿಂಗಳುಗಳ ಬಿಸಿಲಿನಲ್ಲಿ ಕ್ಯಾಮೆರಾದ ಬ್ಯಾಟರಿಯೂ ಕೆಡುತ್ತದೆ, ಚೀಲದಲ್ಲಿಟ್ಟ ಇನ್ಸುಲಿನ್ ಕೂಡ ಕೆಡುತ್ತದೆ. ಔಷಧವನ್ನು ಕಾರಿನಲ್ಲಿ ಬಿಡಬಾರದೆಂಬುದಕ್ಕೆ ಕಳ್ಳನೊಬ್ಬನೇ ಕಾರಣನಲ್ಲ. ದೂರ ಪ್ರಯಾಣದಲ್ಲಿ ಔಷಧದ ಚೀಲ ಕಳವಾದರೆ ಮಧುಮೇಹ, ರಕ್ತದೊತ್ತಡವುಳ್ಳ ಹಿರಿಯರಿಗೆ ಒದಗುವ ತೊಂದರೆ ಲ್ಯಾಪ್‌ಟಾಪ್ ಹೋದುದಕ್ಕಿಂತ ಗಂಭೀರವಾದುದು. ವೈದ್ಯರ ಚೀಟಿಯ ಪ್ರತಿಯೊಂದು ಬೇರೆ ಕಡೆ ಇರಲೇಬೇಕು. ಒಡೆದ ಗಾಜಿನ ಕಾಳುಗಳನ್ನು ಬರಿಗೈಯಿಂದ ಗುಡಿಸಬಾರದು. ಪೂರ್ತಿ ಶುಚಿಗೊಳಿಸುವ ತನಕ ಮಕ್ಕಳನ್ನು ಆಸನದ ಮೇಲೆ ಕೂರಿಸಬಾರದು.

ಪಾಲಿಸಬೇಕಾದ ಕ್ರಮಗಳು

1. ಕಾರು ನಿಲ್ಲಿಸಿದಾಗ ಆಸನದ ಮೇಲೆ ಏನನ್ನೂ ಬಿಡಬಾರದು. ಖಾಲಿ ಚೀಲವೂ ಕಳ್ಳನಿಗೆ ತುಂಬಿದ ಚೀಲವೇ.
2. ಸಾಮಾನನ್ನು ಡಿಕ್ಕಿಗೆ ಸೇರಿಸುವುದಿದ್ದರೆ ಹೊರಡುವ ಮೊದಲೇ ಸೇರಿಸಬೇಕು. ನಿಲ್ಲಿಸಿದ ಜಾಗದಲ್ಲಿ ಎಲ್ಲರೆದುರು ಅಲ್ಲ.
3. ಬೆಳಕು, ಜನಸಂಚಾರ, ಕಾವಲುಗಾರ ಇರುವ ಸ್ಥಳಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ತೆತ್ತರೂ ನಷ್ಟವಿಲ್ಲ. ಹೆದ್ದಾರಿಯಲ್ಲಿ ಊಟಕ್ಕಿಳಿದಾಗ ಕಾರು ಕಣ್ಣೆದುರಿಗಿರಲಿ.
4. ಅಪರಿಚಿತರು ಎಣ್ಣೆ ಸೋರಿಕೆ, ಬಿದ್ದ ನೋಟು ತೋರಿಸಿದರೆ ಇಳಿಯದೆ, ಬಾಗಿಲುಗಳಿಗೆ ಬೀಗ ಹಾಕಿಕೊಂಡು ಜನರಿರುವಲ್ಲಿಗೆ ಮುಂದುವರಿಯಬೇಕು.
5. ಕ್ಯಾಮೆರಾ ಕೊಳ್ಳುವುದಾದರೆ, ಕಾರು ನಿಂತಾಗಲೂ ಕೆಲಸ ಮಾಡುವ, ಮೂಲ ಬ್ಯಾಟರಿ ಬರಿದಾಗದಂತೆ ತಾನೇ ನಿಲ್ಲುವ ಸಾಧನವನ್ನು ಆರಿಸಬೇಕು.
6. ಕಳವಾದಲ್ಲಿ ಏನನ್ನೂ ಮುಟ್ಟದೆ ಛಾಯಾಚಿತ್ರ ತೆಗೆದು, 112ಕ್ಕೆ ಕರೆಮಾಡಿ, ದೂರು ದಾಖಲಿಸಬೇಕು. ಬ್ಯಾಂಕ್ ಕಾರ್ಡುಗಳಿದ್ದರೆ ಆ ಕ್ಷಣವೇ ತಡೆಹಿಡಿಸಬೇಕು.

ಕ್ಯಾಮೆರಾ ನಿರುಪಯುಕ್ತವೆಂದು ಹೇಳಲಾಗದು. ಅಪಘಾತದ ವಿವಾದಗಳಲ್ಲಿ ಅದು ಸತ್ಯವನ್ನು ಎತ್ತಿಹಿಡಿಯುತ್ತದೆ. ಹೊಸಬ ಕಳ್ಳನನ್ನು ಹಿಂಜರಿಯುವಂತೆ ಮಾಡುತ್ತದೆ. ತನಿಖೆಗೆ ದಾರಿ ತೋರುತ್ತದೆ. ಆದರೆ ನುರಿತ ಕಳ್ಳನೆದುರು ಅದರ ಶಕ್ತಿ ಅಲ್ಪ. ಹಣವಿದ್ದವರು ಕ್ಯಾಮೆರಾ ಹಾಕಿಸಿಕೊಳ್ಳಲಿ. ಅದಿದೆಯೆಂಬ ಧೈರ್ಯದಿಂದ ಚೀಲವನ್ನು ಮಾತ್ರ ಕಾರಿನಲ್ಲಿ ಬಿಡದಿರಲಿ.