ಮಲೇರಿಯಾದ ರಕ್ತಲೆಕ್ಕ: ಹೋದ 56 ಗ್ರಾಂ

ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 800 ಮಿಲಿ ರಕ್ತ ಇರುತ್ತದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇದ್ದರೆ ಒಟ್ಟು 96 ಗ್ರಾಂ ಆಯಿತು. ಮಲೇರಿಯಾ ಅದನ್ನು 5ಕ್ಕೆ ಇಳಿಸಿದರೆ ಉಳಿಯುವುದು 40 ಗ್ರಾಂ. ಮಲೇರಿಯಾ ಇರುವ ಮಗುವಿನಲ್ಲಿ ಹಿಮೋಗ್ಲೋಬಿನ್ ಈ ಮಟ್ಟಕ್ಕೆ ಬಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೀವ್ರ ರಕ್ತಹೀನತೆ ಎಂದು ಪರಿಗಣಿಸುತ್ತದೆ. ದೊಡ್ಡವರಿಗೆ ಈ ಗೆರೆ 7 ಗ್ರಾಂ. ಹಾಗಾದರೆ ಮಗು ಕಳೆದುಕೊಂಡ 56 ಗ್ರಾಂ ಎಲ್ಲಿ ಹೋಯಿತು?

ಪರೋಪಜೀವಿ ತಿಂದಿತು ಎಂದರೆ ಅರ್ಧ ಉತ್ತರವೂ ಆಗದು. ಮಲೇರಿಯಾ ತರುವ ಫಾಲ್ಸಿಪಾರಂ ಎಂಬ ಪರೋಪಜೀವಿ 48 ಗಂಟೆ ಒಂದು ಕೆಂಪು ಕಣದೊಳಗಿದ್ದು, ಅದರ ಹಿಮೋಗ್ಲೋಬಿನ್ನಿನ ಬಹುಪಾಲನ್ನು ತಿಂದು, ಕಣವನ್ನು ಒಡೆದು ಹೊರಬರುತ್ತದೆ. ಆದರೆ ಹೀಗೆ ಒಡೆಯುವ ಪ್ರತಿ ಒಂದು ಕಣದ ಜೊತೆಗೆ ಸೋಂಕೇ ತಗಲದ ಸುಮಾರು 8.5 ಕಣಗಳು ನಾಶವಾಗುತ್ತವೆ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾದಲ್ಲಿ ಈ ಸಂಖ್ಯೆ ಸುಮಾರು 34. ಪೆನಿಸಿಲಿನ್ ಬರುವ ಮುಂಚೆ ಮಿದುಳಿಗೆ ಏರಿದ ಸಿಫಿಲಿಸ್ ರೋಗವನ್ನು ಜ್ವರದಿಂದ ಗುಣಪಡಿಸಲೆಂದು ರೋಗಿಗಳಿಗೆ ಬೇಕೆಂದೇ ಮಲೇರಿಯಾ ಬರಿಸುತ್ತಿದ್ದರು. ಆ ರೋಗಿಗಳ ದಿನದಿನದ ರಕ್ತದ ದಾಖಲೆಗಳನ್ನು ದಶಕಗಳ ನಂತರ ಮತ್ತೆ ಕೂಡಿ ಕಳೆದಾಗ ಸಿಕ್ಕ ಲೆಕ್ಕ ಇದು.

ನಿರಪರಾಧಿ ಕಣಗಳು ಸಾಯುವ ಜಾಗದಲ್ಲೇ ಆ್ಯಂಟಿ ಆಕ್ಸಿಡೆಂಟ್‌ಗಳ ಕಥೆ ಇದೆ. ಹಿಮೋಗ್ಲೋಬಿನ್ ತಿಂದ ಪರೋಪಜೀವಿಗೆ ಅದರೊಳಗಿನ ಕಬ್ಬಿಣದ ಹೀಮ್ ದಕ್ಕುವುದಿಲ್ಲ. ಬಹುಪಾಲನ್ನು ಹರಳು ಮಾಡಿ ಬದಿಗಿಡುತ್ತದೆ. ತಪ್ಪಿಸಿಕೊಂಡ ಹೀಮ್, ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್, ನಮ್ಮದೇ ಬಿಳಿ ಕಣಗಳು ಶತ್ರುವಿನ ಮೇಲೆ ಉಗುಳುವ ಆಮ್ಲಜನಕದ ಉಗ್ರ ರೂಪಗಳು, ಎಲ್ಲ ಸೇರಿ ಅಕ್ಕಪಕ್ಕದ ಕಣಗಳ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಪೊರೆ ಬಿರುಸಾದ ಕಣವನ್ನು ಗುಲ್ಮ ಸೋಸಿ ತೆಗೆಯುತ್ತದೆ. ಆಮ್ಲಜನಕದ ಈ ಕಿಚ್ಚು ಆರಿಸಲು ಗ್ಲುಟಾಥಯೋನ್, ಕ್ಯಾಟಲೇಸ್, ಸಿ ಮತ್ತು ಇ ಜೀವಸತ್ವಗಳಂಥ ಆ್ಯಂಟಿ ಆಕ್ಸಿಡೆಂಟ್‌ಗಳು ಖರ್ಚಾಗುತ್ತವೆ. ಆಸ್ಪತ್ರೆಗೆ ದಾಖಲಾದ ಮಲೇರಿಯಾ ರೋಗಿಗಳಲ್ಲಿ ಹಿಮೋಗ್ಲೋಬಿನ್ ಮತ್ತು ಆ್ಯಂಟಿ ಆಕ್ಸಿಡೆಂಟ್‌ಗಳು ಒಟ್ಟಿಗೇ ಇಳಿದು, ಕೊಬ್ಬು ಕೆಟ್ಟ ಗುರುತಾದ ಮ್ಯಾಲೊನ್‌ಡೈಆಲ್ಡಿಹೈಡ್ ಏರಿರುವುದು ಇದಕ್ಕೇ.

ಕಡಿಮೆಯಾದದ್ದನ್ನು ಗುಳಿಗೆಯಿಂದ ತುಂಬಬಾರದೇಕೆ? ಪಪುವಾ ನ್ಯೂಗಿನಿಯಲ್ಲಿ 480 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳಿಗೊಮ್ಮೆ ಎ ಜೀವಸತ್ವ ಪಡೆದವರಿಗೆ ಮಲೇರಿಯಾ ಜ್ವರ 30% ಕಡಿಮೆ ಬಂತು. ಆದರೆ ಅದು ಕಾಯಿಲೆಗೆ ಮುಂಚಿನ ಮಾತು. ತೀವ್ರ ರಕ್ತಹೀನತೆಯಿಂದ ದಾಖಲಾದ ಉಗಾಂಡಾ ಮತ್ತು ಮಲಾವಿಯ ಸುಮಾರು 4,000 ಮಕ್ಕಳ ಪ್ರಯೋಗದಲ್ಲಿ, ಮೂರು ತಿಂಗಳು ಬಹುಜೀವಸತ್ವ ಕೊಟ್ಟರೂ ಆರು ತಿಂಗಳಲ್ಲಿ ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಜೀವ ಉಳಿಸುವ ಆರ್ಟಿಮಿಸಿನಿನ್ ಔಷಧಿ ಪರೋಪಜೀವಿಯನ್ನು ಕೊಲ್ಲುವುದೂ ಇದೇ ಕಿಚ್ಚಿನಿಂದ. ಚಿಕಿತ್ಸೆಯ ನಡುವೆ ಅಂಗಡಿಯಿಂದ ತಂದ ಆ್ಯಂಟಿ ಆಕ್ಸಿಡೆಂಟ್ ಡಬ್ಬಿಯನ್ನು ವೈದ್ಯರಿಗೆ ತೋರಿಸದೆ ನುಂಗಬೇಡಿ.

ಕಬ್ಬಿಣದ ಲೆಕ್ಕವೂ ಮೋಸ ಮಾಡುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ 3.4 ಮಿಲಿಗ್ರಾಂ, 56 ಗ್ರಾಂ ಎಂದರೆ 190 ಮಿಲಿಗ್ರಾಂ. ಅದರ ಹೆಚ್ಚಿನ ಪಾಲು ಮೈಬಿಟ್ಟು ಹೋಗಿರುವುದಿಲ್ಲ. ಜ್ವರದಲ್ಲಿ ಏರುವ ಹೆಪ್ಸಿಡಿನ್ ಎಂಬ ಹಾರ್ಮೋನು ಅದನ್ನು ದೇಹದ ಉಗ್ರಾಣದಲ್ಲೇ ಬೀಗ ಹಾಕಿ ಇಡುತ್ತದೆ, ಹೊಸ ಕಬ್ಬಿಣವನ್ನು ಕರುಳು ಹೀರದಂತೆಯೂ ತಡೆಯುತ್ತದೆ. ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೆ ಪರೀಕ್ಷೆಯಿಲ್ಲದೆ ದಿನಾ 12.5 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್ ಕೊಟ್ಟಾಗ ಸಾವು ಅಥವಾ ಆಸ್ಪತ್ರೆ ಸೇರುವಂಥ ಕಾಯಿಲೆ 12% ಹೆಚ್ಚಾಯಿತು; 2003ರಲ್ಲಿ ಆ ಭಾಗವನ್ನು ನಿಲ್ಲಿಸಿದರು. ಮಲೇರಿಯಾ ಹತೋಟಿಗೆ ಬಂದಿರುವ ಕಡೆ ಕಬ್ಬಿಣ ಬೇಕೇ ಬೇಕು. ಬಾರದ ಕಡೆ ಮೊದಲು ಮಲೇರಿಯಾ ತಡೆ, ಚಿಕಿತ್ಸೆ.

ರಕ್ತ ಕೊಟ್ಟರೆ? ಕಿಲೋಗೆ 20 ಮಿಲಿಯಂತೆ 200 ಮಿಲಿ, ಅಂದರೆ ಸುಮಾರು 24 ಗ್ರಾಂ ಹಿಮೋಗ್ಲೋಬಿನ್. ಕೊರತೆಯ ಅರ್ಧವೂ ತುಂಬದು. 30 ಮಿಲಿ ಕೊಟ್ಟರೆ 36 ಗ್ರಾಂ. ಅದೇ ಉಗಾಂಡಾ–ಮಲಾವಿ ಪ್ರಯೋಗದಲ್ಲಿ ಜ್ವರವಿಲ್ಲದ ಮಕ್ಕಳಿಗೆ 30 ಮಿಲಿ ಒಳ್ಳೆಯದಾಯಿತು, ಜ್ವರವಿದ್ದವರಿಗೆ 20 ಮಿಲಿಯೇ ಲೇಸಾಯಿತು. ಒಂದು ಥರ್ಮಾಮೀಟರ್ ನೋಡಿ ನಿರ್ಧರಿಸಬಹುದಾದ ವಿಷಯ!

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಂಕಿ ಡಿಸ್‌ಚಾರ್ಜ್ ಆದ ಮೇಲಿನದು. ಕೆನ್ಯಾ ಮತ್ತು ಉಗಾಂಡಾದಲ್ಲಿ ತೀವ್ರ ರಕ್ತಹೀನತೆಯಿಂದ ಚೇತರಿಸಿ ಮನೆಗೆ ಹೊರಟ 1,049 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮೂರು ತಿಂಗಳು ಮಲೇರಿಯಾ ತಡೆಯುವ ಮಾತ್ರೆ ಕೊಟ್ಟರು. ಆ ಅವಧಿಯಲ್ಲಿ ಸಾವು ಮತ್ತು ಮರುದಾಖಲಾತಿ 70% ಇಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು.

ನಮ್ಮ ಮಂಗಳೂರಿನ ಕಟ್ಟಡ ಕಾಮಗಾರಿಗಳ ಸುತ್ತ ಕಾಡಿದ್ದು ಹೆಚ್ಚಾಗಿ ವೈವಾಕ್ಸ್, ಆ 34ರ ಲೆಕ್ಕದ್ದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15–49 ವಯಸ್ಸಿನ ಹೆಂಗಸರಲ್ಲಿ 47.8% ಮಂದಿಗೆ ಮೊದಲೇ ರಕ್ತ ಕಡಿಮೆ. ಯಕೃತ್ತಿನಲ್ಲಿ ಅಡಗಿ ಕೂರುವ ವೈವಾಕ್ಸ್ ಮತ್ತೆ ಏಳದಿರಲು ಪ್ರೈಮಾಕ್ವಿನ್ 14 ದಿನ ಬೇಕು. ಬಸುರಿಯರಿಗೆ ಅದನ್ನು ಕೊಡುವಂತಿಲ್ಲ. ಗ್ಲುಟಾಥಯೋನ್ ಕಾಪಾಡುವ ಜಿ6ಪಿಡಿ ಕಿಣ್ವ ಕಡಿಮೆ ಇದ್ದವರಲ್ಲಿ ಅದೇ ಮಾತ್ರೆ ಕಣಗಳನ್ನು ಒಡೆಯುತ್ತದೆ, ಹಾಗಾಗಿ ವೈದ್ಯರ ಕಣ್ಣಿರಬೇಕು. ಉಳಿದವರಲ್ಲಿ ಎಷ್ಟೋ ಜನ ಜ್ವರ ಬಿಟ್ಟಿತೆಂದು ಮೂರೇ ದಿನಕ್ಕೆ ಮಾತ್ರೆ ನಿಲ್ಲಿಸಿ ಕೆಲಸಕ್ಕೆ ಹೋಗುತ್ತಾರೆ. ಇನ್ನೂ 11 ದಿನದ ಮಾತ್ರೆ ಚೀಟಿಯಲ್ಲೇ ಉಳಿದಿರುತ್ತದೆ.