ಟಿಕೆಟ್ ಮಾರಾಟದಲ್ಲಿ ಏಕಸ್ವಾಮ್ಯ: ಅಮೆರಿಕದ ಮೊಕದ್ದಮೆಯೊಂದರಿಂದ ವರ್ತಕರು ಅರಿಯಬೇಕಾದದ್ದು

2024ರ ಮೇ 23ರಂದು ಅಮೆರಿಕದ ನ್ಯಾಯ ಇಲಾಖೆಯು ಹಲವು ರಾಜ್ಯಗಳ ಜೊತೆಗೂಡಿ ಲೈವ್ ನೇಷನ್ ಮತ್ತು ಅದರ ಅಂಗಸಂಸ್ಥೆ ಟಿಕೆಟ್‌ಮಾಸ್ಟರ್ ವಿರುದ್ಧ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಏಕಸ್ವಾಮ್ಯ ವಿರೋಧಿ ಮೊಕದ್ದಮೆ ಹೂಡಿತು. ಎರಡೂ ಸಂಸ್ಥೆಗಳನ್ನು ಬೇರ್ಪಡಿಸಬೇಕೆಂಬುದು ಅದರ ಮುಖ್ಯ ಕೋರಿಕೆಯಾಗಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಇದೇ ಇಲಾಖೆಯೇ ಇವುಗಳ ವಿಲೀನಕ್ಕೆ ಒಪ್ಪಿಗೆ ನೀಡಿತ್ತೆಂಬುದು ಗಮನಾರ್ಹ. ಒಪ್ಪಿದ ಸಂಬಂಧವನ್ನು ಸರ್ಕಾರವೇ ಬಿಡಿಸಲು ಹೊರಟದ್ದೇಕೆ ಎಂಬುದನ್ನು ತಿಳಿಯುವುದು ಸಂಗೀತೋದ್ಯಮದ ಹೊರಗಿರುವ ವರ್ತಕರಿಗೂ ಉಪಯುಕ್ತ.

ಗ್ರಾಹಕ ಯಾರು?

ಟಿಕೆಟ್ ಕೊಳ್ಳುವ ಪ್ರೇಕ್ಷಕನು ಟಿಕೆಟ್ ಸಂಸ್ಥೆಯನ್ನು ಆರಿಸುವುದಿಲ್ಲ. ಆರಿಸುವವರು ಸಭಾಂಗಣ ಅಥವಾ ಕ್ರೀಡಾಂಗಣದ ಒಡೆಯರು. ಟಿಕೆಟ್ ಸಂಸ್ಥೆಯು ಅವರೊಡನೆ ಹಲವು ವರ್ಷಗಳ ಅವಧಿಗೆ ಏಕಮಾತ್ರ ಮಾರಾಟದ ಒಪ್ಪಂದ ಮಾಡಿಕೊಳ್ಳುತ್ತದೆ; ಪ್ರತಿಯಾಗಿ ಮುಂಗಡ ಹಣ ನೀಡುವುದುಂಟು. ಪ್ರೇಕ್ಷಕನಿಂದ ವಸೂಲಾದ ಸೇವಾ ಶುಲ್ಕದಲ್ಲಿಯೂ ಸಭಾಂಗಣಕ್ಕೆ ಪಾಲಿರುತ್ತದೆ. ಹೀಗಾಗಿ ಶುಲ್ಕ ತೆರುವವನಿಗೆ ಆಯ್ಕೆಯಿಲ್ಲ, ಆಯ್ಕೆಯುಳ್ಳವನಿಗೆ ಶುಲ್ಕ ತಗ್ಗಿಸುವ ಆಸಕ್ತಿ ಕಡಿಮೆ. ಕಡಿಮೆ ಶುಲ್ಕದ ಹೊಸ ಸಂಸ್ಥೆಯೊಂದು ಮಾರುಕಟ್ಟೆಗೆ ಬಂದರೂ ಒಪ್ಪಂದದ ಅವಧಿ ಮುಗಿಯುವವರೆಗೆ ಅದು ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ.

1976ರಲ್ಲಿ ಅರಿಜೋನಾದಲ್ಲಿ ಆರಂಭವಾದ ಟಿಕೆಟ್‌ಮಾಸ್ಟರ್, 1991ರಲ್ಲಿ ತನ್ನ ಪ್ರಮುಖ ಪ್ರತಿಸ್ಪರ್ಧಿ ಟಿಕೆಟ್ರಾನ್‌ನ ವ್ಯವಹಾರವನ್ನು ವಶಪಡಿಸಿಕೊಂಡಿತು. 1994ರಲ್ಲಿ ಪರ್ಲ್ ಜಾಮ್ ಎಂಬ ಖ್ಯಾತ ವಾದ್ಯವೃಂದವು ತನ್ನ ಟಿಕೆಟ್ಟಿನ ಬೆಲೆಯನ್ನು 20 ಡಾಲರಿನೊಳಗೆ ಇರಿಸಬಯಸಿ, ಸೇವಾ ಶುಲ್ಕವನ್ನೂ ಮಿತಿಗೊಳಿಸುವಂತೆ ಕೇಳಿತು. ಒಮ್ಮತ ಮೂಡದಿದ್ದಾಗ ನ್ಯಾಯ ಇಲಾಖೆಗೆ ದೂರು ಸಲ್ಲಿಸಿತು. ವೃಂದದ ಸದಸ್ಯರು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಸಾಕ್ಷ್ಯವನ್ನೂ ನುಡಿದರು. ಆದರೆ 1995ರ ಜುಲೈನಲ್ಲಿ ಇಲಾಖೆಯು ಕ್ರಮ ಕೈಗೊಳ್ಳದೆ ತನಿಖೆಯನ್ನು ಮುಕ್ತಾಯಗೊಳಿಸಿತು.

ಷರತ್ತಿನ ವಿಲೀನ

ಲೈವ್ ನೇಷನ್ ಮೂಲತಃ ಸಂಗೀತ ಕಾರ್ಯಕ್ರಮಗಳ ಆಯೋಜಕ ಸಂಸ್ಥೆ. ಅದು ಟಿಕೆಟ್‌ಮಾಸ್ಟರ್ ಜೊತೆ ವಿಲೀನಗೊಳ್ಳುವುದಾಗಿ 2009ರಲ್ಲಿ ಪ್ರಕಟಿಸಿತು. ಕಾರ್ಯಕ್ರಮ ಏರ್ಪಡಿಸುವವನ ಕೈಗೆ ಟಿಕೆಟ್ ಮಾರಾಟವೂ ಸೇರಿದರೆ ಇತರರಿಗೆ ದಾರಿ ಮುಚ್ಚುವುದೆಂಬ ಆತಂಕ ಆಗಲೇ ವ್ಯಕ್ತವಾಗಿತ್ತು. ಆದರೂ 2010ರ ಜನವರಿಯಲ್ಲಿ ನ್ಯಾಯ ಇಲಾಖೆ ಷರತ್ತುಗಳೊಡನೆ ಒಪ್ಪಿತು. ಟಿಕೆಟ್ ತಂತ್ರಾಂಶದ ಪರವಾನಗಿಯನ್ನು ಪ್ರತಿಸ್ಪರ್ಧಿ ಎಇಜಿ ಸಂಸ್ಥೆಗೆ ನೀಡಬೇಕು. ಪಾಸಿಯೋಲನ್ ಎಂಬ ಟಿಕೆಟ್ ಘಟಕವನ್ನು ಮಾರಬೇಕು. ಬೇರೆ ಟಿಕೆಟ್ ಸಂಸ್ಥೆಯನ್ನು ಆರಿಸಿದ ಸಭಾಂಗಣಗಳ ಮೇಲೆ ಹತ್ತು ವರ್ಷಗಳ ಕಾಲ ಸೇಡು ತೀರಿಸಿಕೊಳ್ಳಕೂಡದು. ಇವು ಮುಖ್ಯ ಷರತ್ತುಗಳು.

ಕೊನೆಯ ಷರತ್ತೇ ದುರ್ಬಲವೆನಿಸಿತು. ಸಭಾಂಗಣಕ್ಕೆ ಜೀವಾಳ ಕಾರ್ಯಕ್ರಮಗಳು. ಅವುಗಳನ್ನು ಒದಗಿಸುವವನೇ ಟಿಕೆಟ್ ಮಾರುವವನೂ ಆದಾಗ ಲಿಖಿತ ಬೆದರಿಕೆಯ ಅಗತ್ಯವಿರುವುದಿಲ್ಲ. ಮುಂದಿನ ವರ್ಷ ಕಾರ್ಯಕ್ರಮಗಳು ಬಾರದೆ ಹೋದಾವೆಂಬ ಅಂಜಿಕೆಯೊಂದೇ ಸಾಕು. 2019ರ ಡಿಸೆಂಬರಿನಲ್ಲಿ, ಲೈವ್ ನೇಷನ್ ಈ ಷರತ್ತನ್ನು ಪದೇ ಪದೇ ಉಲ್ಲಂಘಿಸಿದೆಯೆಂದು ನ್ಯಾಯ ಇಲಾಖೆ ಆಪಾದಿಸಿತು. ಅದರ ಫಲವಾಗಿ ಷರತ್ತುಗಳನ್ನು ಬಿಗಿಗೊಳಿಸಿ, ಅವುಗಳ ಅವಧಿಯನ್ನು ಐದೂವರೆ ವರ್ಷ ವಿಸ್ತರಿಸಲಾಯಿತು. 2022ರ ನವೆಂಬರಿನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಕಾರ್ಯಕ್ರಮಗಳ ಮುಂಗಡ ಮಾರಾಟದ ವೇಳೆ ಟಿಕೆಟ್‌ಮಾಸ್ಟರ್‌ನ ಗಣಕ ವ್ಯವಸ್ಥೆ ಕುಸಿದು ವಿಷಯ ಮತ್ತೆ ಮುನ್ನೆಲೆಗೆ ಬಂದಿತು. 2023ರ ಜನವರಿ 24ರಂದು ಸೆನೆಟ್ ಸಮಿತಿಯ ಮುಂದೆ ಪ್ರತಿಸ್ಪರ್ಧಿ ಸೀಟ್‌ಗೀಕ್ ಸಂಸ್ಥೆಯ ಮುಖ್ಯಸ್ಥರು ಸಭಾಂಗಣಗಳ ಈ ಅಂಜಿಕೆಯನ್ನೇ ವಿವರಿಸಿದರು.

ಆರೋಪ ಮತ್ತು ಉತ್ತರ

2024ರ ದೂರಿನ ಪ್ರಕಾರ ದೊಡ್ಡ ಸಂಗೀತ ಸಭಾಂಗಣಗಳ ಪ್ರಾಥಮಿಕ ಟಿಕೆಟ್ ಮಾರಾಟದಲ್ಲಿ ಶೇ. 80 ಅಥವಾ ಅದಕ್ಕೂ ಹೆಚ್ಚಿನ ಪಾಲು, ಅಂತಹ ಸಭಾಂಗಣಗಳ ಕಾರ್ಯಕ್ರಮ ಆಯೋಜನೆಯಲ್ಲಿ ಸುಮಾರು ಶೇ. 60 ಪಾಲು, ಉತ್ತರ ಅಮೆರಿಕದ 265ಕ್ಕೂ ಹೆಚ್ಚು ಸಭಾಂಗಣಗಳ ಒಡೆತನ ಅಥವಾ ನಿಯಂತ್ರಣ ಮತ್ತು 400ಕ್ಕೂ ಹೆಚ್ಚು ಕಲಾವಿದರ ವ್ಯವಹಾರ ನಿರ್ವಹಣೆ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಆದರೆ ಮೊಕದ್ದಮೆಗೆ ಕೇವಲ ಈ ಗಾತ್ರ ಆಧಾರವಲ್ಲ. 1890ರ ಶೆರ್ಮನ್ ಕಾಯ್ದೆಯಡಿ ದೊಡ್ಡದಾಗಿ ಬೆಳೆಯುವುದು ಅಪರಾಧವಾಗದು. ಸ್ಪರ್ಧಿಗಳನ್ನು ಹೊರಗಿಡುವ ಕೃತ್ಯಗಳಿಂದ ಏಕಸ್ವಾಮ್ಯವನ್ನು ಉಳಿಸಿಕೊಳ್ಳುವುದು ಅಪರಾಧ. ದೀರ್ಘಾವಧಿಯ ಏಕಮಾತ್ರ ಒಪ್ಪಂದಗಳು, ಸಭಾಂಗಣಗಳ ಮೇಲಿನ ಒತ್ತಡ, ತನ್ನ ಬಯಲು ರಂಗಮಂದಿರ ಬೇಕಾದ ಕಲಾವಿದನು ತನ್ನ ಆಯೋಜನಾ ಸೇವೆಯನ್ನೂ ಪಡೆಯಬೇಕೆಂಬ ಕಟ್ಟುಪಾಡು ಇವೇ ಮುಖ್ಯ ಆರೋಪಗಳು. ಈ ಕಟ್ಟುಪಾಡಿನ ಆರೋಪವನ್ನು ಕೈಬಿಡಬೇಕೆಂಬ ಸಂಸ್ಥೆಯ ಮನವಿಯನ್ನು 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ಸಂಸ್ಥೆಯ ಪ್ರತಿವಾದವೂ ಗಮನಾರ್ಹ. ಟಿಕೆಟ್ ದರವನ್ನು ಕಲಾವಿದರೂ ಶುಲ್ಕವನ್ನು ಬಹುಮಟ್ಟಿಗೆ ಸಭಾಂಗಣಗಳೂ ನಿರ್ಧರಿಸುತ್ತವೆ, ತನ್ನ ಲಾಭಾಂಶ ತೆಳುವಾಗಿದೆ, ಸ್ಪರ್ಧೆ ಹಿಂದಿಗಿಂತ ಹೆಚ್ಚಿದೆ ಎಂಬುದು ಅದರ ನಿಲುವು.

ನಮ್ಮ ಕಾಯ್ದೆ

ಭಾರತದಲ್ಲಿ 1969ರ ಏಕಸ್ವಾಮ್ಯ ಕಾಯ್ದೆಯ ಸ್ಥಾನಕ್ಕೆ 2002ರ ಸ್ಪರ್ಧಾ ಕಾಯ್ದೆ ಬಂದಿದೆ. ಅದರ 3ನೇ ಕಲಮು ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನೂ 4ನೇ ಕಲಮು ಪ್ರಬಲ ಸ್ಥಾನದ ದುರುಪಯೋಗವನ್ನೂ ನಿಷೇಧಿಸುತ್ತವೆ. ಒಂದು ಮಾರುಕಟ್ಟೆಯ ಪ್ರಾಬಲ್ಯವನ್ನು ಮತ್ತೊಂದು ಮಾರುಕಟ್ಟೆಯನ್ನು ಪ್ರವೇಶಿಸಲು ಬಳಸುವುದೂ ದುರುಪಯೋಗವೇ. ಅಗತ್ಯವೆನಿಸಿದರೆ ಪ್ರಬಲ ಸಂಸ್ಥೆಯನ್ನು ವಿಭಜಿಸುವ ಆದೇಶಕ್ಕೂ 28ನೇ ಕಲಮಿನಲ್ಲಿ ಅವಕಾಶವಿದೆ. ಬುಕ್‌ಮೈಶೋ ನಡೆಸುವ ಬಿಗ್ ಟ್ರೀ ಎಂಟರ್‌ಟೈನ್‌ಮೆಂಟ್ ಸಂಸ್ಥೆಯ ವಿರುದ್ಧದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2022ರ ಜೂನ್‌ನಲ್ಲಿ ತನಿಖೆಗೆ ಆದೇಶಿಸಿತ್ತು. ತನಿಖೆಯ ಆದೇಶವೆಂದರೆ ತಪ್ಪಿತಸ್ಥನೆಂಬ ತೀರ್ಪಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಪ್ರಬಲ ಖರೀದಿದಾರ ಅಥವಾ ಸರಬರಾಜುದಾರನ ಷರತ್ತಿಗೆ ಸಿಲುಕಿದ ಸಣ್ಣ ಉದ್ಯಮಿಯು ಒಬ್ಬಂಟಿಯಾಗಿ ದೂರಲು ಅಂಜುವುದು ಸಹಜ. ವ್ಯಾಪಾರ ಸಂಘವೇ ಆಯೋಗಕ್ಕೆ ಮಾಹಿತಿ ಸಲ್ಲಿಸಲು 19ನೇ ಕಲಮು ಅನುವು ಮಾಡಿಕೊಡುತ್ತದೆ. ಆದರೆ 2023ರ ತಿದ್ದುಪಡಿಯಂತೆ ದೂರಿನ ಕಾರಣ ಉಂಟಾದ ಮೂರು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ಆದ್ದರಿಂದ ಒಪ್ಪಂದದ ಪ್ರತಿ, ಪತ್ರ ವ್ಯವಹಾರ, ನಿರಾಕರಣೆಯ ದಿನಾಂಕ ಇವುಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಕ್ಷೇಮ. ಹಾಗೆಯೇ ಈ ಕಾಯ್ದೆ ಸಂಘಗಳನ್ನೂ ಬಿಡುವುದಿಲ್ಲ. ಡಬ್ಬಿಂಗ್ ಚಿತ್ರಗಳಿಗೆ ತಡೆಯೊಡ್ಡಿದ ಪ್ರಕರಣದಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಆಯೋಗವು 2015ರಲ್ಲಿ ದಂಡ ವಿಧಿಸಿತ್ತು. ಸದಸ್ಯರ ಹಿತ ಕಾಯುವ ಸಂಘವು ಅನ್ಯರಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿದರೆ ಅದೂ ಉತ್ತರದಾಯಿಯೇ.

ಹದಿನಾಲ್ಕು ವರ್ಷಗಳ ಈ ವೃತ್ತಾಂತದಿಂದ ತಿಳಿಯುವುದಿಷ್ಟು: ಮಾರುಕಟ್ಟೆಯ ಎರಡು ಕೀಲಿಕೈಗಳು ಒಬ್ಬನ ಬಳಿ ಸೇರಿದ ಮೇಲೆ ಸದ್ವರ್ತನೆಯ ವಾಗ್ದಾನವನ್ನು ಕಾವಲು ಕಾಯುವುದು ಕಷ್ಟ. ವಿಲೀನದ ಪ್ರಸ್ತಾಪ ಆಯೋಗದ ಮುಂದಿರುವಾಗಲೇ ಆ ಕ್ಷೇತ್ರದ ಸಣ್ಣ ಉದ್ಯಮಿಗಳು ತಮ್ಮ ಅಭಿಪ್ರಾಯವನ್ನು ದಾಖಲಿಸುವುದು ಅನಂತರ ದೂರುವುದಕ್ಕಿಂತ ಸುಲಭವೂ ಫಲಕಾರಿಯೂ ಆಗುತ್ತದೆ.